ಮಾರಬೇಡಿ ಅತ್ತಿಗೆ ಎಂದವನಿಗೆ

ಚಿಕ್ಕವನೇ,

ಮೊದಲು ಕ್ಷೇಮ ಸಮಾಚಾರ ಬರೆಯಬೇಕು. ನೀನು ಕ್ಷೇಮವಾಗಿದ್ದೀಯ ಎಂದು ನನಗೆ ಗೊತ್ತು, ನಾವು ಹೇಗಿದ್ದೇವೆ ಎಂದು ನೀನು ಕೇಳಲಿಲ್ಲ. ಹಾಗಾಗಿ ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ "ನೋಡೋಣ" ಎಂದು ಹೇಳಿ ಇಟ್ಟುಬಿಟ್ಟೆನಲ್ಲ, ಅದರ ಉತ್ತರ ಇದು. ಬಾಯಲ್ಲಿ ಹೇಳಲು ಹೋದರೆ ನೀನು ನಡುವೆ ನಗುತ್ತೀಯ, "ಅಯ್ಯೋ ಬಿಡಿ ಅತ್ತಿಗೆ" ಎನ್ನುತ್ತೀಯ, ನಾನು ಕರಗಿ ನೀರಾಗುತ್ತೇನೆ. ಕಾಗದದ ಮುಂದೆ ನಿನ್ನ ಆಟ ನಡೆಯುವುದಿಲ್ಲ.

ನಾಳೆ ಬೆಳಿಗ್ಗೆ ಷೇರು ಪೇಟೆಯ ತನಿಖೆಯವರು ನನ್ನನ್ನು ಕರೆದಿದ್ದಾರೆ. ನಮ್ಮ ಕಂಪನಿ ವಿದೇಶಕ್ಕೆ ಮಾರಿದ ಎಲೆಕ್ಟ್ರಾನಿಕ್ ಚಿಪ್‌ಗಳು ರಾಶಿ ರಾಶಿಯಾಗಿ ವಾಪಸ್ ಬಂದದ್ದು ಯಾಕೆ ಎಂದು ಕೇಳುತ್ತಾರೆ. ಟೆಸ್ಟಿಂಗ್ ಮತ್ತು ಪ್ಯಾಕಿಂಗ್ ಎರಡೂ ನನ್ನ ಕೈಯಲ್ಲೇ ಇದ್ದದ್ದರಿಂದ ನನ್ನ ಮಾತಿಗೆ ಅಲ್ಲಿ ತೂಕವಿದೆ. "ಲೇಬಲ್ ತಪ್ಪಾಗಿತ್ತು, ಅದಕ್ಕೇ ಬಂತು ಅಂತ ಹೇಳಿ ಅತ್ತಿಗೆ. ಒಂದೇ ಮಾತು. ನಾನು ಬಚಾವ್ ಆಗ್ತೀನಿ" ಎಂದೆ ನೀನು. ಲೇಬಲ್ ಅಂಟಿಸುವವರು ನನ್ನ ಫ್ಲೋರಿನ ಹೆಂಗಸರು. ಅಂದರೆ ತಪ್ಪು ಅವರದ್ದು ಎಂದು ನಾನು ಹೇಳಬೇಕು. ಈಗಾಗಲೇ ಅವರ ಹತ್ತಿರ ಇದ್ದದ್ದೆಲ್ಲ ಹೋಗಿದೆ, ಕೆಲಸದ ಮೇಲಿನ ಹೆಸರೊಂದು ಉಳಿದಿತ್ತು, ಅದೂ ನಿನಗೆ ಬೇಕಾಯಿತು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನೀನು ಒಂಬತ್ತು ವರ್ಷದವನು. ಅತ್ತೆ ಅದಾಗಲೇ ತೀರಿಕೊಂಡಿದ್ದರು. ನಿಮ್ಮಣ್ಣ ಲಿಫ್ಟ್ ಮೆಕ್ಯಾನಿಕ್, ಬೆಳಿಗ್ಗೆ ಹೋದರೆ ಯಾವ ಕಟ್ಟಡದ ಯಾವ ಮಹಡಿಯಲ್ಲಿ ನೇತಾಡುತ್ತಿದ್ದಾರೋ ಎಂಬುದು ಅವರಿಗೇ ಗೊತ್ತಿರುತ್ತಿರಲಿಲ್ಲ. ನಿನ್ನ ಜ್ವರ, ನಿನ್ನ ಹರಿದ ಶರ್ಟು, ಸ್ಕೂಲಿನಿಂದ ಬರುವ ದೂರುಗಳು, ಎಲ್ಲ ನನ್ನ ಪಾಲಿಗೆ ಬಂದವು. ಪಕ್ಕದ ಮನೆಯ ಹುಡುಗನಿಗೆ ಅವನದೇ ಚೆಂಡನ್ನು ಮಾರಿ ಬಂದವನು ನೀನು. ಅವನ ತಾಯಿ ಜಗಳಕ್ಕೆ ಬಂದರೆ ನೀನು ಅವಳನ್ನೂ ಮಾತಿನಲ್ಲಿ ಮರುಳು ಮಾಡಿ ಕಳಿಸಿದ್ದೆ. ನಾನೂ ನಿಮ್ಮಣ್ಣನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಈ ಹುಡುಗ ಎಲ್ಲಿ ಹಾಕಿದರೂ ಬದುಕುತ್ತಾನೆ ಎಂದು ನಿಮ್ಮಣ್ಣ ಅಂದು ಹೆಮ್ಮೆಪಟ್ಟದ್ದು ನನಗೆ ಚೆನ್ನಾಗಿ ನೆನಪಿದೆ.

ನಮ್ಮಿಬ್ಬರಲ್ಲಿ ಕಂಪನಿಗೆ ಮೊದಲು ಸೇರಿದವಳು ನಾನು. ಆಗ ಅದು ಒಂದೇ ಹಾಲ್, ಎರಡೇ ಮೆಷಿನ್. ಕರೆಂಟ್ ಮೀಟರಿಗೆ, ವಾಷಿಂಗ್ ಮೆಷಿನ್ನಿಗೆ ಹೋಗುವ ಸಣ್ಣ ಚಿಪ್‌ಗಳು. ಅವನ್ನು ಬಿಸಿಯಲ್ಲೂ ಚಳಿಯಲ್ಲೂ ಪರೀಕ್ಷೆ ಮಾಡಿ, ಒಳ್ಳೆಯವನ್ನು ಸುರುಳಿಗೆ ಸುತ್ತಿ, ಗಾಳಿ ತೆಗೆದ ಬೆಳ್ಳಿ ಬಣ್ಣದ ಬ್ಯಾಗಿನಲ್ಲಿ ಸೀಲ್ ಮಾಡುವುದು ನಮ್ಮ ಕೆಲಸ. ನೀಲಿ ಕೋಟು, ಟೋಪಿ, ಮಾಸ್ಕ್, ಮಣಿಕಟ್ಟಿಗೊಂದು ವೈರು. ಮೈಯ ಕರೆಂಟು ಚಿಪ್‌ಗೆ ತಾಗಬಾರದೆಂದು ನಮ್ಮನ್ನು ಮೇಜಿಗೇ ಕಟ್ಟಿಹಾಕುತ್ತಿದ್ದರು. ಮಾಲೀಕರಿಗೆ ವಿದೇಶದಲ್ಲಿ ಮಾರಲು ಬಾಯಿ ಇರುವವನೊಬ್ಬ ಬೇಕಿತ್ತು. ನಮ್ಮ ಮನೆಯಲ್ಲಿ ಒಂದು ಬಾಯಿ ಇದೆ ಸಾರ್, ಕರೆದು ನೋಡಿ ಎಂದೆ. ಕರೆದರು. ಅರ್ಧ ಗಂಟೆ ಮಾತಾಡಿ ಹೊರಬಂದಾಗ ನಿನಗೆ ಕೆಲಸವೂ ಆಗಿತ್ತು, ಮಾಲೀಕರು ನಿನ್ನ ಹೆಗಲ ಮೇಲೆ ಕೈಯನ್ನೂ ಹಾಕಿದ್ದರು.

ನೀನು ಚೆನ್ನಾಗಿಯೇ ದುಡಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಒಂದೊಂದು ದೇಶದವರಿಗೆ ಅವರವರ ಭಾಷೆಯಲ್ಲಿ ನಮಸ್ಕಾರ ಹೇಳಲು ಕಲಿತೆ. ಹೊಸ ದೇಶದಿಂದ ಆರ್ಡರ್ ಬಂದ ದಿನ ಇಡೀ ಫ್ಲೋರಿಗೆ ಐಸ್‌ಕ್ರೀಮ್ ತರುತ್ತಿದ್ದೆ. ಒಳಗೆ ತಿನ್ನುವಂತಿರಲಿಲ್ಲ, ಕೋಟು ಬಿಚ್ಚಿ ಹೊರಗೆ ಮೆಟ್ಟಿಲ ಮೇಲೆ ಸಾಲಾಗಿ ಕುಳಿತು ತಿನ್ನುತ್ತಿದ್ದೆವು. ಹೆಂಗಸರು ನಿನಗೆ ಫಾರಿನ್ ಸಾರ್ ಎಂದು ಹೆಸರಿಟ್ಟರು. ಇವತ್ತು ಫಾರಿನ್ ಸಾರ್ ಯಾವ ದೇಶ ಹೊಡೆದರಂತೆ ಎಂದು ಬೆಳಿಗ್ಗೆ ಬಂದವರೇ ಕೇಳುತ್ತಿದ್ದರು. ಆ ಮೆಟ್ಟಿಲ ಮೇಲೆ ನನ್ನ ತಲೆ ಎಷ್ಟು ಎತ್ತರ ಇರುತ್ತಿತ್ತೆಂದು ನಿನಗೆ ಗೊತ್ತಿಲ್ಲ.

ಒಂದು ವರ್ಷ ಸಂಬಳ ಏರಿಸುವ ಬದಲು ಎಲ್ಲರಿಗೂ ಸ್ಟಾಕ್ ಆಪ್ಷನ್ ಕೊಡುವುದು ಎಂದಾಯಿತು. ಮಾಲೀಕರಿಗೆ ಆ ಬುದ್ಧಿ ಹೇಳಿಕೊಟ್ಟವನೂ ನೀನೇ, ಫ್ಲೋರಿಗೆ ಬಂದು ಪ್ಲಾಸ್ಟಿಕ್ ಕ್ರೇಟಿನ ಮೇಲೆ ನಿಂತು ವಿವರಿಸಿದವನೂ ನೀನೇ. "ಈಗಿನ ಬೆಲೆಗೆ ಕಂಪನಿ ನಿಮ್ಮ ಹೆಸರಲ್ಲಿ ಷೇರು ಎತ್ತಿಟ್ಟಿರುತ್ತೆ. ನಾಲ್ಕು ವರ್ಷ ಇಲ್ಲೇ ಕೆಲಸ ಮಾಡಿ. ಆಮೇಲೆ ಪೇಟೇಲಿ ಬೆಲೆ ಎಷ್ಟೇ ಏರಿರಲಿ, ನೀವು ಈ ಹಳೇ ಬೆಲೆಗೇ ತಗೋಬಹುದು. ತಗೊಂಡು ಮಾರಿದ್ರೆ ಮಧ್ಯದ್ದೆಲ್ಲ ನಿಮ್ದು." ಚಿಪ್‌ಗಳನ್ನು ಕಾಯಿಸುವ ಓವನ್ ನೋಡಿಕೊಳ್ಳುವವಳು, ನಮ್ಮೆಲ್ಲರಿಗಿಂತ ಹಳಬಳು, ಕೈ ಎತ್ತಿ ಕೇಳಿದಳು. "ಇದನ್ನ ಅಡ ಇಡಬಹುದಾ ಸಾರ್?" ಎಲ್ಲರೂ ನಕ್ಕರು. ಬೆಲೆ ಇಳಿದರೆ ಎಂದು ಇನ್ನೊಬ್ಬಳು ಕೇಳಿದಳು. "ಇಳಿದ್ರೆ ತಗೋಬೇಡಿ, ಅಷ್ಟೆ. ಕಳ್ಕೊಳ್ಳೋದು ಏನಿದೆ?" ಎಂದೆ ನೀನು. ಏರಬೇಕಿದ್ದ ಸಂಬಳವನ್ನು ನಾಲ್ಕು ವರ್ಷ ಕಳೆದುಕೊಳ್ಳುತ್ತೇವೆ ಎಂದು ಆ ದಿನ ಯಾರಿಗೂ ಹೊಳೆಯಲಿಲ್ಲ. ನಿನಗೆ ಹೊಳೆದಿತ್ತು ಎಂದು ಈಗ ಅನಿಸುತ್ತದೆ.

ಕಂಪನಿ ಷೇರು ಪೇಟೆಗೆ ಹೋಯಿತು. ಅಲ್ಲಿಂದ ನಿನಗೆ ಮೂರು ತಿಂಗಳಿಗೊಮ್ಮೆ ಜ್ವರ ಬರಲು ಶುರುವಾಯಿತು. ಪ್ರತಿ ಮೂರು ತಿಂಗಳ ಕೊನೆಗೆ ಇಷ್ಟು ಮಾರಿದ್ದೇವೆ ಎಂದು ಲೋಕಕ್ಕೆ ಹೇಳಬೇಕು, ಹೋದ ಸಲಕ್ಕಿಂತ ಹೆಚ್ಚು ಹೇಳಬೇಕು. ಸರಕು ನಮ್ಮ ಗೇಟು ದಾಟಿದರೆ ಸಾಕು, ಮಾರಿದ ಲೆಕ್ಕ. ಕೊನೆಯ ದಿನ ನೀನು ಫ್ಲೋರಿನಲ್ಲಿ ಓಡಾಡುತ್ತಾ, "ಬೇಗ ಬೇಗ ಅತ್ತಿಗೆ, ಲಾರಿ ಹೊರಗೆ ಹೋಗ್ಲಿ" ಎಂದು ಪ್ರಾಣ ತಿನ್ನುತ್ತಿದ್ದೆ. ಊಟ ಬಿಟ್ಟು ಸೀಲ್ ಹಾಕಿದ್ದೇವೆ. ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಬರುವಾಗ ನೋಡಿದರೆ, ಸಮುದ್ರದಾಚೆ ಮಾರಾಟವಾದ ಲಾರಿ ತಿರುವಿನ ಪೆಟ್ರೋಲ್ ಬಂಕಿನ ಪಕ್ಕ ನಿಂತಿತ್ತು. ಡ್ರೈವರ್ ಚಕ್ರಕ್ಕೆ ಒರಗಿ ಟೀ ಕುಡಿಯುತ್ತಿದ್ದ. ಇನ್ನೂ ಹೋಗಿಲ್ಲವೇ ಎಂದರೆ, "ಹೋಗೋಕೆ ಯಾರೂ ಹೇಳಿಲ್ವಲ್ಲ ಅಕ್ಕ, ಗೇಟಿಂದ ಆಚೆ ನಿಲ್ಸು ಅಂದ್ರು, ನಿಲ್ಸಿದೀನಿ" ಎಂದ. ಬಂದರಿನಲ್ಲಿ ಜಾಗ ಸಿಕ್ಕಿಲ್ಲ ಎಂದು ನೀನು ಹೇಳಿದೆ. ನನಗೆ ಬಂದರಿನ ವಿಷಯ ಏನು ಗೊತ್ತು? ಒಪ್ಪಿಕೊಂಡೆ.

ಆಮೇಲೆ ನಿಜವಾಗಿ ಹೋದವೂ ವಾಪಸ್ ಬರತೊಡಗಿದವು. ನಾವು ಹಾಕಿದ ಸೀಲ್ ಹಾಗೇ ಇರುತ್ತಿತ್ತು. ಆ ಬ್ಯಾಗಿನೊಳಗೆ ಒಂದು ಚೀಟಿ ಇಡುತ್ತೇವೆ, ಗಾಳಿಯ ತೇವ ತಾಗಿದರೆ ಅದರ ನೀಲಿ ಚುಕ್ಕೆ ಗುಲಾಬಿಯಾಗುತ್ತದೆ. ಒಡೆದು ನೋಡಿದರೆ ಎಲ್ಲವೂ ನೀಲಿ. ಯಾರೂ ಅದನ್ನು ತೆರೆದೇ ಇರಲಿಲ್ಲ. ಬಳಸದ ಸರಕನ್ನು ಯಾಕೆ ಕೊಂಡರು, ಯಾಕೆ ಕಳಿಸಿದರು ಎಂದು ನಾನು ನಿನ್ನನ್ನು ಕೇಳಿದೆ, ಎರಡೆರಡು ಸಲ ಕೇಳಿದೆ. "ಅಲ್ಲಿನ ಡಿಸ್ಟ್ರಿಬ್ಯೂಟರ್ ಗೋಡೌನ್ ಬದಲಾಯಿಸ್ತಿದ್ದಾನೆ, ಸ್ವಲ್ಪ ದಿನ ನಮ್ಮಲ್ಲೇ ಇರ್ಲಿ ಅಂದ. ಗಿರಾಕಿ ಅಲ್ವಾ, ಇಲ್ಲ ಅನ್ನೋಕಾಗುತ್ತಾ?" ಎಂದು ನನ್ನ ಕಿವಿಗೆ ಹೂವಿಟ್ಟೆ. ನಾನು ಊಟಕ್ಕೆ ಬಡಿಸುತ್ತಿದ್ದೆ, ನೀನು ತಟ್ಟೆಯಿಂದ ತಲೆ ಎತ್ತದೆ ಹೇಳಿದೆ. ನಂಬಿದೆ. ನಂಬಿದ್ದಕ್ಕೆ ನಾನು ಯಾರ ಹತ್ತಿರವೂ ಕ್ಷಮೆ ಕೇಳುವುದಿಲ್ಲ. ಸಾಕಿದ ಕೈಗೆ ಅಷ್ಟು ಹಕ್ಕಿದೆ. ಬೇಡ ಎಂದವರಿಗೆ ನೀನು ಬಲವಂತವಾಗಿ ಸರಕು ತುಂಬಿ, ಇಷ್ಟವಿಲ್ಲದಿದ್ದರೆ ಆಮೇಲೆ ಕಳಿಸಿ ಎಂದು ಒಳಗೊಳಗೇ ಮಾತುಕೊಟ್ಟಿದ್ದೆ ಎಂಬುದು ಈಗ ಪತ್ರಿಕೆ ಓದಿ ನನಗೆ ತಿಳಿಯಬೇಕಾಯಿತು.

ನಮ್ಮ ನಾಲ್ಕು ವರ್ಷ ತುಂಬುವ ಹೊತ್ತಿಗೆ ನೀನು ಕೆಲಸ ಬಿಟ್ಟೆ. ಸ್ವಂತ ವ್ಯವಹಾರ ಎಂದೆ. ಬೀಳ್ಕೊಡುವ ದಿನ ಕ್ಯಾಂಟೀನಿನಲ್ಲಿ ಮೈಕ್ ಹಿಡಿದು, "ನಾನು ಹೋಗ್ತಿದ್ದೀನಿ, ನನ್ನ ಷೇರು ಇಲ್ಲೇ ಇರುತ್ತೆ" ಎಂದೆ. ಅರ್ಧಕ್ಕರ್ಧ ಜನ ಕಣ್ಣೊರೆಸಿಕೊಂಡರು. ಅದಾಗಿ ಸ್ವಲ್ಪ ದಿನಕ್ಕೆ ಕೆಲಸದಲ್ಲಿದ್ದ ನಮಗೆ ಮಾರಲು ಅವಕಾಶ ತೆರೆಯಿತು, ಹದಿನೈದು ದಿನದ ಅವಕಾಶ, ಆಮೇಲೆ ಮತ್ತೆ ಬಾಗಿಲು ಮುಚ್ಚುತ್ತದೆ. ಬೆಲೆ ಆಗ ಆಕಾಶದಲ್ಲಿತ್ತು. ನೀನು ಕರೆಯದೆ ಮನೆಗೆ ಬಂದೆ. ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಾ ಹೇಳಿದೆ, "ಮಾರ್ಬೇಡಿ ಅತ್ತಿಗೆ. ಇನ್ನೊಂದು ವರ್ಷ ತಡೀರಿ. ಇದರ ಎರಡರಷ್ಟಾಗುತ್ತೆ. ನಿಮಗೆ ಸುಳ್ಳು ಹೇಳ್ತೀನಾ ನಾನು?" ನನ್ನ ಕೈಯಲ್ಲಿ ಸೌಟು ಇತ್ತು. ಅದರಿಂದ ನಿನ್ನ ಮಂಡಿಗೆ ತಟ್ಟಿ, ನೀನು ಹೇಳಿದ ಮೇಲೆ ಮುಗೀತು ಬಿಡು ಎಂದೆ.

ಮರುದಿನ ಕೋಟು ಹಾಕಿಕೊಳ್ಳುವ ಕೋಣೆಯಲ್ಲಿ ಓವನ್ನಿನವಳು ಹತ್ತಿರ ಬಂದಳು. ಅವಳ ಮಂಡಿ ಎರಡೂ ಹೋಗಿವೆ, ನಿಂತು ಮಾಡುವ ಕೆಲಸ ಇನ್ನು ಆಗದು. ಬಸ್ ಸ್ಟಾಪಿನ ಹತ್ತಿರದ ಝೆರಾಕ್ಸ್ ಅಂಗಡಿಯ ಮುದುಕ, ದುಡ್ಡು ಹೊಂದಿಸಿದರೆ ಅಂಗಡಿಯನ್ನು ಅವಳಿಗೇ ಬಿಟ್ಟುಕೊಡುತ್ತೇನೆ ಎಂದಿದ್ದ. ಕೂತು ಮಾಡುವ ಕೆಲಸ, ನೆರಳು, ತನ್ನದೇ ಒಂದು ಕುರ್ಚಿ. ಯಾವ ಕುರ್ಚಿ ಎಂದೂ ಆರಿಸಿ ಇಟ್ಟಿದ್ದಳು, ತಿರುಗುವಂಥದ್ದು. "ನೀವು ಮಾರ್ತೀರಾ ಅಕ್ಕ?" ಎಂದು ಕೇಳಿದಳು. ನಾನು ಮಾರಲ್ಲ ಎಂದೆ. ಅವಳು ಬೇರೇನೂ ಕೇಳಲಿಲ್ಲ. ಸುತ್ತ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಹೆಂಗಸರೂ ಕೇಳಲಿಲ್ಲ. ಆ ಹದಿನೈದು ದಿನದಲ್ಲಿ ನಮ್ಮ ಫ್ಲೋರಿನಿಂದ ಒಬ್ಬಳೂ ಒಂದು ಷೇರನ್ನೂ ಮಾರಲಿಲ್ಲ.

ಮುಂದಿನದು ನಿನಗೆ ಗೊತ್ತು. ವಾಪಸ್ ಬಂದ ಸರಕಿನ ಸುದ್ದಿ ಹೊರಬಿತ್ತು, ಬೆಲೆ ಕುಸಿಯಿತು, ಈಗ ನಮ್ಮ ಹಳೇ ಬೆಲೆಗಿಂತ ಕಡಿಮೆಗೆ ಪೇಟೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು. ಎರಡನೇ ಪಾಳಿ ನಿಂತಿತು. ಝೆರಾಕ್ಸ್ ಅಂಗಡಿಯ ಮುದುಕ ಇನ್ನೆಷ್ಟು ಕಾಯುತ್ತಾನೆ, ಬೇರೆಯವರಿಗೆ ಕೊಟ್ಟ. ನನಗೆ ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟದ ಮೇಜಿನಲ್ಲಿ ನನ್ನ ಅಕ್ಕಪಕ್ಕ ಖಾಲಿಯಾಯಿತು. ಒಂದು ದಿನ ಓವನ್ನಿನವಳು ಬಂದು, "ಮೇಡಂ, ಹತ್ತನೇ ಟ್ರೇ ರೆಡಿ" ಎಂದಳು. ಇಪ್ಪತ್ತು ವರ್ಷ ಅಕ್ಕ ಎಂದವಳು. ಯಾರನ್ನು ಕರೆಯುತ್ತಿದ್ದಾಳೆ ಎಂದು ನಾನು ಹಿಂದೆ ತಿರುಗಿ ನೋಡಿದೆ.

ನೀನು ಕೆಲಸ ಬಿಟ್ಟ ವಾರವೇ ನಿನ್ನ ಷೇರು ಮಾರಲು ಶುರುಮಾಡಿ, ಬೆಲೆ ಬೀಳುವ ಮೊದಲೇ ಎಲ್ಲ ಮಾರಿ ಕೈ ತೊಳೆದುಕೊಂಡಿದ್ದೆ ಎಂಬುದು ತನಿಖೆ ಶುರುವಾದ ಮೇಲೆ ಬಯಲಾಯಿತು. ಆಗಲೂ ನಾನು ನಿನ್ನ ಪರವಾಗಿಯೇ ಏನೋ ಒಂದು ಹುಡುಕುತ್ತಿದ್ದೆ. ಅವನಿಗೆ ಅವಸರ ಇತ್ತೇನೋ, ನಮಗೆ ಒಳ್ಳೆಯದಾಗಲಿ ಎಂದೇ ತಡೆದನೇನೋ ಎಂದು. ನಿನ್ನೆ ಫೋನಿನಲ್ಲಿ ಅದನ್ನೇ ಕೇಳಿದೆ, ನೀನೇ ಮಾರುತ್ತಿರುವಾಗ ನನಗೆ ಬೇಡ ಎಂದು ಯಾಕೆ ಹೇಳಿದೆ ಎಂದು. ನೀನು ನಕ್ಕೆ. ಹೊಗಳುವ ದನಿಯಲ್ಲಿ ಹೇಳಿದೆ, "ನೀವು ಮಾರಿದ್ರೆ ಇಡೀ ಫ್ಲೋರ್ ಮಾರ್ತಿತ್ತು ಅತ್ತಿಗೆ. ಫ್ಯಾಕ್ಟರಿಯವರೇ ಮಾರ್ತಿದ್ದಾರೆ ಅಂತ ಗೊತ್ತಾದ್ರೆ ಬೆಲೆ ಎಲ್ಲಿರ್ತಿತ್ತು? ನನ್ನದಿನ್ನೂ ಅರ್ಧ ಉಳಿದಿತ್ತು ಆಗ. ನಿಮ್ಮ ಮೇಲೆ ಅವರಿಗೆ ಅಷ್ಟು ನಂಬಿಕೆ, ಗೊತ್ತಾ ನಿಮಗೆ?"

ಗೊತ್ತಿತ್ತು ಕಣಪ್ಪ. ನನಗಿದ್ದ ಆಸ್ತಿ ಅದೊಂದೇ, ಗೊತ್ತಿಲ್ಲದೆ ಇರುತ್ತದೆಯೇ? ನನ್ನ ಷೇರಿನ ಮೇಲೆ ನಿನಗೆ ಆಸೆ ಇರಲಿಲ್ಲ, ಇದ್ದದ್ದೇ ಹಿಡಿಯಷ್ಟು. ನಿನಗೆ ಬೇಕಾದದ್ದು ನಾನು ಸುಮ್ಮನೆ ಕೂತಿರುವುದು. ನಾನು ಕೂತಿದ್ದರೆ ಅವರೆಲ್ಲ ಕೂತಿರುತ್ತಾರೆ, ಅಷ್ಟರಲ್ಲಿ ನೀನು ಎದ್ದು ಹೋಗಬಹುದು. ಇದನ್ನು ಮಾಡುವಾಗ ನಿನಗೆ ನನ್ನ ಮೇಲೆ ಸಿಟ್ಟೂ ಇರಲಿಲ್ಲ, ದ್ವೇಷವೂ ಇರಲಿಲ್ಲ, ಅದು ನನ್ನನ್ನು ಇನ್ನೂ ಸುಡುತ್ತಿದೆ. ಪ್ರೀತಿಯಿಂದಲೇ ಅಡುಗೆಮನೆಗೆ ಬಂದೆ, ಪ್ರೀತಿಯಿಂದಲೇ ಊಟ ಮಾಡಿ ಹೋದೆ. ಅದೇ ಫೋನಿನಲ್ಲಿ ಇನ್ನೊಂದು ಮಾತೂ ಸೇರಿಸಿದೆ, "ನಿಮ್ಮ ನಷ್ಟ ನಾನು ತುಂಬಿಕೊಡ್ತೀನಿ ಅತ್ತಿಗೆ, ನಿಮ್ಮೊಬ್ಬರದು." ನಿಮ್ಮೊಬ್ಬರದು ಎಂದು ಒತ್ತಿ ಹೇಳಿದೆ, ನನಗೆ ಏನೋ ದೊಡ್ಡ ಮರ್ಯಾದೆ ಮಾಡಿದ ಹಾಗೆ.

ಇವತ್ತು ಮಧ್ಯಾಹ್ನ ನಾನು ಓವನ್ನಿನವಳ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಕಿಟಕಿಯ ಪಕ್ಕ ಒಗೆದ ಬಟ್ಟೆ, ಮಂಡಿಗೆ ಕಟ್ಟಿದ ಬಟ್ಟೆಪಟ್ಟಿ. ಎದ್ದೇಳಬೇಡ ಎಂದರೂ ಎದ್ದು ನೀರು ತಂದುಕೊಟ್ಟಳು. ನಡೆದದ್ದೆಲ್ಲ ಹೇಳಿದೆ. ನಾನೂ ಮಾರಲಿಲ್ಲ, ನಂದೂ ಹೋಯಿತು, ಬೇಕಾದರೆ ನೋಡು ಎಂದು ಮೊಬೈಲ್ ತೆಗೆದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. "ಅದೆಲ್ಲ ಯಾಕೆ ಮೇಡಂ. ನಿಮ್ಮ ಮೈದುನ ನಿಮಗೆ ಕೊಡದೇ ಇರ್ತಾರಾ?" ಎಂದಳು. ಕೊಂಕಿನ ದನಿಯಲ್ಲ ಅದು, ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿ. ನೀನು ಕೊಡುತ್ತೇನೆ ಎಂದು ನಿನ್ನೆಯೇ ಹೇಳಿಯಾಗಿತ್ತಲ್ಲ. ಅವಳು ಊಹಿಸಿದ್ದು ಒಂದಿಷ್ಟೂ ಸುಳ್ಳಾಗಿರಲಿಲ್ಲ. ನೀರು ಕುಡಿದು ಲೋಟ ಕೆಳಗಿಟ್ಟು ಬಂದೆ.

ಹಾಗಾಗಿ ನಿನ್ನ ದುಡ್ಡು ಬೇಡ. ಕಳಿಸಿದರೆ ತಿರುಗಿ ಬರುತ್ತದೆ, ನಿನಗೆ ಅದೇನೂ ಹೊಸದಲ್ಲ. ಬೇಡ ಎನ್ನುವಾಗ ನಾನು ದೊಡ್ಡವಳಾಗುತ್ತೇನೆ ಎಂದು ತಿಳಿಯಬೇಡ. ಈ ಮನೆಯ ಬಾಡಿಗೆ ಏರಿದೆ, ನಿಮ್ಮಣ್ಣನ ಬೆನ್ನು ಮೊದಲಿನಂತಿಲ್ಲ, ಆ ದುಡ್ಡು ಬಂದರೆ ನಮಗೆ ಬೇಕಾದಷ್ಟು ಉಪಯೋಗವಿತ್ತು. ಅದು ಗೊತ್ತಿದ್ದೇ ಬೇಡ ಎನ್ನುತ್ತಿದ್ದೇನೆ. ಬೇಡ ಎಂದ ಮಾತ್ರಕ್ಕೆ ಫ್ಲೋರಿನ ಹೆಂಗಸರು ನನ್ನನ್ನು ನಂಬುತ್ತಾರೆ ಎಂಬ ಭ್ರಮೆಯೂ ನನಗಿಲ್ಲ.

ನಿಮ್ಮಣ್ಣನಿಗೆ ಎಲ್ಲ ಹೇಳಿದ್ದೇನೆ. "ಅವನು ನಮ್ಮ ಹುಡುಗ ಕಣೇ" ಎಂದರು. ಹೌದು, ಅದಕ್ಕೇ ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ನಾಳೆ ಬಾಗಿಲ ತನಕ ಬಂದು ಬಿಡುತ್ತಾರಂತೆ, ಒಳಗೆ ಬರುವುದಿಲ್ಲವಂತೆ. ಆ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿದೆ, ಮೆಟ್ಟಿಲು ಹತ್ತಬೇಕು, ಮೆಲ್ಲಗೆ ಹತ್ತು ಎಂದಷ್ಟೇ ಹೇಳಿದರು. ಅವರನ್ನು ದೂರಬೇಡ. ನಮ್ಮಿಬ್ಬರ ನಡುವೆ ಒಡೆದುಹೋಗುತ್ತಿರುವವರು ಅವರೊಬ್ಬರೇ.

ನಾಳೆ ನಾನು ಲೇಬಲ್ಲಿನ ಮಾತು ಹೇಳುವುದಿಲ್ಲ. ಲೇಬಲ್ ಸರಿಯಾಗಿತ್ತು, ಸೀಲ್ ಸರಿಯಾಗಿತ್ತು, ನನ್ನ ಹೆಂಗಸರ ಕೈಯಲ್ಲಿ ಒಂದು ತಪ್ಪೂ ಆಗಿಲ್ಲ, ಸರಕನ್ನು ಯಾರೂ ಬಿಚ್ಚದೆ ವಾಪಸ್ ಕಳಿಸಿದರು ಎನ್ನುತ್ತೇನೆ. ಬಂಕಿನ ಪಕ್ಕ ನಿಂತ ಲಾರಿಯನ್ನೂ ಹೇಳುತ್ತೇನೆ. ಅಡುಗೆಮನೆಯ ಕಟ್ಟೆಯ ಮೇಲೆ ಕೂತು ನೀನು ಆಡಿದ ಮಾತನ್ನೂ, ನಿನ್ನೆ ಫೋನಿನಲ್ಲಿ ಆಡಿದ ಮಾತನ್ನೂ ಬಿಡುವುದಿಲ್ಲ. ನಿನಗೆ ಏನಾಗುತ್ತದೆ ಎಂದು ವಕೀಲರನ್ನು ಕೇಳಿ ತಿಳಿದುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ಕೈಗೆ ಕೊಟ್ಟು ಬರಲು ಆಳು ಕಳಿಸುತ್ತೇನೆ, ನಾಳೆ ನಾನು ಹೇಳುವ ಮೊದಲು ನಿನಗೆ ಗೊತ್ತಿರಲಿ. ನಿನ್ನ ಬೆನ್ನ ಹಿಂದೆ ಏನೂ ಮಾಡುವುದಿಲ್ಲ. ಆ ವಿದ್ಯೆ ಈ ಮನೆಯಲ್ಲಿ ನಿನಗೊಬ್ಬನಿಗೇ ಬಂದದ್ದು.

ತನಿಖೆಯವರು ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳುತ್ತಾರಂತೆ, ಇವರು ನಿಮಗೆ ಏನಾಗಬೇಕು ಎಂದು. ಮೈದುನ ಎಂದರೆ ಸಾಕು, ಬರೆದುಕೊಂಡು ಮುಂದಕ್ಕೆ ಹೋಗುತ್ತಾರೆ. ಆದರೆ ನಾನು ಮೈದುನ ಎನ್ನುವುದಿಲ್ಲ. ನಾನು ಸಾಕಿದ ಮಗು ಎನ್ನುತ್ತೇನೆ. ಅದನ್ನು ಬರೆದುಕೊಳ್ಳುವ ತನಕ ಕಾಯುತ್ತೇನೆ, ಆಮೇಲೆ ಉಳಿದದ್ದೆಲ್ಲ ಹೇಳುತ್ತೇನೆ.

ಹೊತ್ತು ಹೊತ್ತಿಗೆ ಊಟ ಮಾಡು. ಎಲ್ಲಿದ್ದರೂ ಆರೋಗ್ಯವಾಗಿರು. ಇಷ್ಟು ಬಿಟ್ಟರೆ ನಿನಗೆ ಹರಸಲು ನನ್ನ ಹತ್ತಿರ ಈಗ ಬೇರೆ ಮಾತಿಲ್ಲ.

ನಿನ್ನ ಅತ್ತಿಗೆ